ಸೆಲ್ಲಿಗೆ ಬಿಸಿಲು, ಯಂತ್ರಕ್ಕೆ ನೆರಳು

ಮೊನ್ನೆ ಮಂಡ್ಯದ ನಮ್ಮ ಮನೆ ತಾರಸಿಯ ಮೇಲೆ ಒಂದು ಹಳೇ ಜಿಪಿಎಸ್ ಯಂತ್ರ ಐದೇ ನಿಮಿಷದಲ್ಲಿ ಏಳು ಉಪಗ್ರಹ ಹಿಡಿದು ಕೂತಿತು. ಕಚೇರಿಯವರು ಗುಜರಿಗೆ ಹಾಕಿದ್ದನ್ನು ಕೇಳಿ ತಂದಿದ್ದೆ. ಸೆಲ್ ಹಾಕಿ, ಒಣಗಲು ಹರಡಿದ್ದ ಹಪ್ಪಳದ ಪಕ್ಕ ಇಟ್ಟು ಕಾಫಿಗೆ ಇಳಿದಿದ್ದೆ, ಅಷ್ಟೇ. ನನಗೆ ಖುಷಿಯಾಗಬೇಕಿತ್ತು, ಮೈಯೆಲ್ಲ ಉರಿದುಹೋಯಿತು.

ಕೆಲವು ವರ್ಷದ ಹಿಂದೆ ಇದೇ ದರಿದ್ರ ಯಂತ್ರವನ್ನು ಹೊತ್ತು ಊರೂರು ಅಲೆಯುವುದು ನನ್ನ ಕೆಲಸ. ನೀರಿನ ಟ್ಯಾಂಕ್ ಕಟ್ಟುವ ಜಾಗವನ್ನು ಅದರಲ್ಲಿ ಗುರುತಿಸಿದರೆ ಊರು ಪಟ್ಟಿಗೆ ಸೇರುತ್ತದೆ, ನಲ್ಲಿ ಬರುತ್ತದೆ. ಗುರುತಿಲ್ಲದಿದ್ದರೆ ನಲ್ಲಿಯೂ ಇಲ್ಲ. ಹಲಗೂರಿನಿಂದ ಒಳಗಿನ ಒಂದು ಪುಟ್ಟ ಊರಿನಲ್ಲಿ ಹೆಂಗಸರು ದಿಣ್ಣೆ ಇಳಿದು ಹತ್ತಿ ನೀರು ಹೊರುತ್ತಿದ್ದರು. ಅಲ್ಲಿ ಹೋಗಿ ನಿಂತು ಯಂತ್ರದ ಗುಂಡಿ ಒತ್ತಿದೆನೋ ಇಲ್ಲವೋ, ಚಿಕ್ಕತಾಯಮ್ಮ ಎಂಬಾಕೆ ಓಡಿ ಬಂದರು.

"ಬಿಸ್ಲಲ್ಲಿ ಯಾಕ್ ನಿಂತಿದ್ದೀರಿ ಸಾಮಿ? ಊರಿಗ್ ಬಂದೋರ್ನ ಬಿಸ್ಲಲ್ಲಿ ನಿಲ್ಸುದ್ರೆ ನಮ್ಗೆ ಕೆಟ್ಟೆಸ್ರು. ಬನ್ನಿ ಇತ್ಲಾಗೆ."

ಹೊಂಗೆ ಮರದ ಕೆಳಗೆ ಕೂರಿಸಿ ಮಜ್ಜಿಗೆ ಕೊಟ್ಟರು. ಯಂತ್ರ ಉಪಗ್ರಹ ಹುಡುಕುತ್ತಲೇ ಇತ್ತು. ಆರಿಸಿದೆ, ಹಚ್ಚಿದೆ, ತೊಡೆಗೆ ಬಡಿದೆ, ನನಗೆ ಬರುವ ಬೈಗುಳವೆಲ್ಲ ಬೈದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಹೇಳಿದರು: "ಸೆಲ್ಲು ವೀಕಾಗವೆ ಬುಡಿ. ತಗುದು ಬಿಸ್ಲಿಗ್ ಮಡ್ಗಿ, ನಮ್ ಬ್ಯಾಟ್ರೀಗೂ ಅಂಗೇ ಮಾಡಾದು."

ಮಡಗಿದೆ! ಅರ್ಧ ಗಂಟೆ ಸೆಲ್ಲುಗಳು ಕಲ್ಲಿನ ಮೇಲೆ ಬಿಸಿಲು ಕಾಯಿಸಿಕೊಂಡವು. ನಾನೂ ಯಂತ್ರವೂ ದಟ್ಟ ನೆರಳಲ್ಲಿ. ಬಯಲಿನಲ್ಲಿ, ತೆರೆದ ಆಕಾಶದ ಕೆಳಗೆ, ಹತ್ತು ನಿಮಿಷ ಅಲುಗಾಡದೆ ಇಡಬೇಕು ಎಂದು ಕೈಪಿಡಿಯ ಮೊದಲ ಪುಟದಲ್ಲೇ ಇತ್ತಂತೆ. ಓದಬಾರದಿತ್ತೇ ಎನ್ನಬೇಡಿ. ಮಿಕ್ಸಿ ತಂದ ದಿನ ನೀವು ಓದಿದ್ದಿರಾ?

ಇಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. ಬಸ್ಸಿನ ಹೊತ್ತಾಯಿತು. ಯಂತ್ರ ಕೆಟ್ಟಿದೆ ಎಂದು ಬರೆದರೆ ಸಾಹೇಬರು ನೂರೆಂಟು ಕೇಳುತ್ತಾರೆ. "ಈ ಸ್ಥಳದಲ್ಲಿ ಉಪಗ್ರಹ ಸಿಗುವುದಿಲ್ಲ" ಎಂದು ಬರೆದು ಸಹಿ ಹಾಕಿದೆ. ತಪ್ಪನ್ನು ಊರಿನ ತಲೆಗೆ ಕಟ್ಟಿದ್ದಾಯಿತು, ಯಾರೂ ಏನೂ ಕೇಳಲಿಲ್ಲ. ಪಟ್ಟಿಯಿಂದ ಊರು ಬಿಟ್ಟುಹೋಯಿತು. ನಲ್ಲಿ ಬಂದದ್ದು ಎರಡು ಬೇಸಿಗೆ ಕಳೆದ ಮೇಲೆ.

ತಾರಸಿಯಿಂದ ಇಳಿದವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಮದ್ದೂರು, ಮಳವಳ್ಳಿ ದಾಟಿ ಹಲಗೂರಿನ ಬಸ್ಸು ಇಳಿದು ಆ ಊರಿಗೆ ನಡೆದೆ. ಚಿಕ್ಕತಾಯಮ್ಮ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದರು. ನಾನು ಬರೆದದ್ದನ್ನೂ ಬಚ್ಚಿಡದೆ ಎಲ್ಲ ಹೇಳಿದೆ.

ಆಕೆ ಪಾತ್ರೆ ಕೆಳಗಿಟ್ಟರು.

"ಬಿಸ್ಲಲ್ಲಿ ಇಡ್ಬೇಕು ಅಂತ ಒಂದ್ ಮಾತು ಯೋಳಿದ್ರೆ ನಾವೇ ಇಡ್ಕಂಡ್ ನಿಂತ್ಕತಿರ್ನಿಲ್ವಾ ಸಾಮಿ? ಎಲ್ಡು ಬ್ಯಾಸ್ಗೆ ಬಿಂದ್ಗೆ ಒತ್ಕಂಡು ಬಿಸ್ಲಲ್ಲೇ ತಿರುಗುದ್ವಲ್ಲ."

ಮಂಡ್ಯದ ಕಡೆಯ ಹೆಂಗಸು, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ.