ಆಕಾಶದಲ್ಲಿ ‘ಬರ್ತೀನಿ’ ಅನ್ನಬಾರದು

ಮೊದಲನೆಯ ದಿನವೇ ನಮಗೆ, ಪ್ರಾಣ ಹೋಗುವ ಹೊತ್ತಿನಲ್ಲಿ ಹೇಗೆ ಕೂಗಬೇಕು ಎನ್ನುವುದನ್ನು ಕಲಿಸಿದರು. ಒಂದನೇ ಕ್ಲಾಸಿನಲ್ಲಿ ಮಗ್ಗಿ ಹೇಳಿದ ಹಾಗೆ ಎಲ್ಲರೂ ಒಟ್ಟಿಗೆ ಮೂರು ಸಲ ಹೇಳಬೇಕು: “ಮೇಡೇ, ಮೇಡೇ, ಮೇಡೇ.” ಅದು ಫ್ರೆಂಚ್ ಮಾತಿನಿಂದ ಬಂದದ್ದಂತೆ, ‘ನನ್ನನ್ನು ಕಾಪಾಡಿ’ ಎಂದು ಅರ್ಥವಂತೆ. ವಿಮಾನಕ್ಕೆ ಈಗಿಂದೀಗಲೇ ಗಂಡಾಂತರ ಬಂದಿದ್ದರೆ ಮೇಡೇ. ಗಂಡಾಂತರ ಇನ್ನೂ ಹೊಸ್ತಿಲಾಚೆ ಇದೆ, ಆದರೂ ತುರ್ತು ಎಂದರೆ “ಪ್ಯಾನ್ ಪ್ಯಾನ್”, ಅದೂ ಮೂರು ಸಲ. ನಮಗೆ ಹಾರಾಟ ಕಲಿಸುವ ಪಂಜಾಬಿನ ಕ್ಯಾಪ್ಟನ್ ಸಾಹೇಬರು ನನ್ನ ಕಡೆ ಬೆರಳು ತೋರಿಸಿ, ನಿನ್ನದು ಕೇಳಿಸಲೇ ಇಲ್ಲ ಎಂದರು. ಎದ್ದು ನಿಂತು ಒಬ್ಬಳೇ ಕೂಗಿದೆ. ಸ್ವರವೇ ಹೊರಡಲಿಲ್ಲ. “ಇಷ್ಟು ಮೆಲ್ಲಗೆ ಕರೆದರೆ ನೊಣವೂ ಬರುವುದಿಲ್ಲ” ಎಂದರು. ಎಲ್ಲರೂ ನಕ್ಕರು. ನಾನು ಬಂದದ್ದು ಹಾರುವುದಕ್ಕೆ, ಇವರು ನೋಡಿದರೆ ಬೀಳುವುದರಿಂದ ಶುರುಮಾಡುತ್ತಿದ್ದಾರಲ್ಲಪ್ಪ ಎನ್ನಿಸಿತು.

ನಮ್ಮದು ಚಿಂತಾಮಣಿ ತಾಲ್ಲೂಕು, ಕೈವಾರದ ಪಕ್ಕದ ಹಳ್ಳಿ. ಅಪ್ಪ ಬಸ್ ಡ್ರೈವರ್. ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ದರ್ಗಾಕ್ಕೆ ಹೋಗುವವರನ್ನೂ ಟೊಮೆಟೊ ಬುಟ್ಟಿಗಳನ್ನೂ ಒಟ್ಟಿಗೆ ತುಂಬಿಕೊಂಡು ಓಡಿಸುತ್ತಾರೆ. ಮಾಳಿಗೆಯ ಮೇಲೆ ಅವರೆಕಾಳು ಒಣಹಾಕುವಾಗ, ದೇವನಹಳ್ಳಿಯ ಕಡೆಗೆ ಇಳಿಯುವ ವಿಮಾನಗಳು ನಮ್ಮ ತಲೆಯ ಮೇಲೇ ಹೋಗುತ್ತಿದ್ದವು. ಅವನ್ನು ನೋಡಿ ನೋಡಿಯೇ ನನ್ನ ತಲೆ ಕೆಟ್ಟಿದ್ದು. ಕೆಳಗಿನಿಂದ ನೋಡುವಾಗ ಅದರಲ್ಲಿ ಭಯ ಪಡುವಂಥದ್ದು ಏನೂ ಕಾಣುವುದಿಲ್ಲ, ಅದೇ ಮೋಸ.

ಈಗ ನಾನಿರುವುದು ಮಹಾರಾಷ್ಟ್ರದ ವಿದರ್ಭದಲ್ಲಿ, ಹತ್ತಿ ಹೊಲಗಳ ನಡುವೆ ಹಾರಾಟದ ಶಾಲೆ ಇರುವ ಒಂದು ಊರಿನಲ್ಲಿ. ನಮ್ಮ ಕಡೆ ಯಾವ ದಿಕ್ಕಿಗೆ ತಿರುಗಿದರೂ ಒಂದು ಬೆಟ್ಟ ಕಣ್ಣಿಗೆ ಬೀಳುತ್ತದೆ; ದಾರಿ ತಪ್ಪಿದರೂ ಬೆಟ್ಟ ನೋಡಿ ಮನೆ ಸೇರಬಹುದು. ಇಲ್ಲಿ ನೆಲ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಮೊದಲ ವಾರ ಮೇಲಿನಿಂದ ನೋಡಿದಾಗ ಎಲ್ಲ ಹೊಲವೂ ಒಂದೇ ಥರ, ಎಲ್ಲ ಊರೂ ಒಂದೇ ಊರು. ಮನೆ ಹುಡುಕುವುದೂ ಹಾಗೇ ಆಯಿತು. ಒಂಟಿ ಹುಡುಗಿ ಎಂದು ಹಲವರು ಬಾಗಿಲಲ್ಲೇ ಮಾತು ಮುಗಿಸಿದರು. ಕೊನೆಗೆ ಶಾಂತಾಬಾಯಿ ಎಂಬ ಹೆಂಗಸು ಮಹಡಿಯ ಕೋಣೆ ಕೊಟ್ಟರು. ಎಲ್ಲರೂ ಅವರನ್ನು ‘ಆಯಿ’ ಎನ್ನುತ್ತಾರೆ, ಅಂದರೆ ಅಮ್ಮ. ಅವರು ನನ್ನ ಮುಖ ನೋಡಿ ಮೊದಲು ಆಡಿದ ಮಾತೇ “ಘಾಬರೂ ನಕೋ”. ಮರಾಠಿಯ ಒಂದಕ್ಷರ ಬಾರದ ನನಗೆ ಅದು ಮಾತ್ರ ಅರ್ಥವಾಗಿಬಿಟ್ಟಿತು. ಗಾಬರಿ ಬೇಡ! ಇಷ್ಟು ದೂರ ಬಂದರೂ ನಮ್ಮ ಗಾಬರಿ ಗಾಬರಿಯಾಗಿಯೇ ಇತ್ತು. ಆ ಸಂಜೆ ಅವರು ಜೋಳದ ಭಾಕರಿ, ಅಂದರೆ ರೊಟ್ಟಿ, ಜೊತೆಗೆ ಕಡಲೆಹಿಟ್ಟಿನ ಝುಣಕಾ ಪಲ್ಯ ಕೊಟ್ಟರು. ಮುದ್ದೆ ನುಂಗಿ ಅಭ್ಯಾಸವಾದವಳು ಭಾಕರಿಯನ್ನೂ ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಂಡೆ. ಆಯಿ ಬೆನ್ನು ಗುದ್ದುತ್ತಾ ಮತ್ತೆ ಅದನ್ನೇ ಅಂದರು, ಘಾಬರೂ ನಕೋ. ಕೋಣೆಗೆ ಹೋಗಿ ಚೆನ್ನಾಗಿ ಅತ್ತೆ.

ಏರ್ ಲಾ, ಅಂದರೆ ಆಕಾಶದ ಕಾನೂನು, ನಮ್ಮ ದೊಡ್ಡ ಪಾಠ. ಆಕಾಶದಲ್ಲೂ ಯಾರಿಗೆ ಯಾರು ದಾರಿ ಬಿಡಬೇಕು ಎಂದು ನಿಯಮವಿದೆ. ಬಲಗಡೆ ಇರುವವನಿಗೆ ನಾವು ಬಿಡಬೇಕು. ಕೆಳಗಿಳಿಯುತ್ತಿರುವವನಿಗೆ ಬಿಡಬೇಕು. ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಚಿಂತಾಮಣಿಯಲ್ಲಾದರೆ ಯಾರ ಹಾರನ್ ಜೋರೋ ದಾರಿ ಅವರದ್ದು. ಇದನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿದೆ.

“ಬಲಕ್ಕಾ? ಬಲಕ್ಕೆ ಹೋದ್ರೆ ಎದುರುಗಡೆಯವ್ನ ಮೂತಿಗೇ ಗುದ್ದುತೀಯಲ್ಲಮ್ಮ!”

“ಅವ್ನೂ ಅವ್ನ ಬಲಕ್ಕೆ ತಿರುಗ್ತಾನಪ್ಪ. ಇಬ್ರೂ ಪಾಠ ಓದಿರ್ತೀವಲ್ಲ.”

ಅಪ್ಪ ಕೇಳಿದರು: “ಅವ್ನು ಓದಿಲ್ದೆ ಹೋಗಿದ್ರೆ?”

ಅಂದಿನಿಂದ ವಿಮಾನ ಹತ್ತಿದಾಗಲೆಲ್ಲ ಆ ಪ್ರಶ್ನೆ ನನ್ನ ಪಕ್ಕದಲ್ಲೇ ಬಂದು ಕೂರುತ್ತಿತ್ತು.

ರೇಡಿಯೋ ಕೆಟ್ಟರೆ ಏನು ಮಾಡಬೇಕು ಎನ್ನುವುದಕ್ಕೂ ಪಾಠವಿತ್ತು. ವಿಮಾನದ ಗುರುತು ಹೇಳುವ ಯಂತ್ರದಲ್ಲಿ ಏಳು ಆರು ಸೊನ್ನೆ ಸೊನ್ನೆ ಒತ್ತಿ, ನಿಲ್ದಾಣದ ಟವರ್ ಕಡೆ ನೋಡಬೇಕು. ಅಲ್ಲಿಂದ ದೀಪ ತೋರಿಸುತ್ತಾರೆ. ಕೆಂಪು ಸ್ಥಿರವಾಗಿ ಉರಿದರೆ ‘ಬೇರೆಯವರಿಗೆ ದಾರಿ ಬಿಡು, ಸುತ್ತುತ್ತಿರು’. ಕೆಂಪು ಮಿನುಗಿದರೆ ‘ಇಲ್ಲಿ ಇಳಿಯಬೇಡ, ಅಪಾಯ’. ಹಸಿರು ಸ್ಥಿರವಾಗಿದ್ದರೆ ‘ಇಳಿ’. ಕಂಡಿತು ಎಂದು ತಿಳಿಸಲು ನಾವು ರೆಕ್ಕೆಗಳನ್ನು ಆ ಕಡೆ ಈ ಕಡೆ ಆಡಿಸಬೇಕು. ನಮ್ಮ ಊರಿನವರು ಹೂಂ ಅನ್ನುವಾಗ ತಲೆಯಾಡಿಸುತ್ತಾರಲ್ಲ, ಥೇಟ್ ಹಾಗೆ.

ಈ ‘ಹೂಂ’ ಎನ್ನುವುದೇ ನನಗೆ ಶತ್ರುವಾಯಿತು. ನಮ್ಮಲ್ಲಿ ಕೇಳಿಸಿದರೂ ಹೂಂ, ಒಪ್ಪಿದರೂ ಹೂಂ, ಅಡುಗೆಮನೆಯಿಂದ ಅಮ್ಮ ಏನೋ ಕೂಗಿದ್ದು ಅರ್ಥವಾಗದಿದ್ದರೂ ಹೂಂ. ರೇಡಿಯೋದಲ್ಲಿ ‘ರೋಜರ್’ ಎಂದರೆ ಕೇಳಿಸಿತು ಎಂದಷ್ಟೇ. ‘ಅಫರ್ಮ್’ ಎಂದರೆ ಹೌದು. ನನ್ನ ಬಾಯಿಗೆ ಈ ಎರಡರ ವ್ಯತ್ಯಾಸ ತಿಳಿಯುತ್ತಲೇ ಇರಲಿಲ್ಲ. ಇನ್ನೊಂದು ಶತ್ರುವೂ ಇತ್ತು. ನಮ್ಮ ಕಡೆ ಮನೆ ಬಿಡುವಾಗ ಯಾರೂ ಹೋಗುತ್ತೇನೆ ಅನ್ನುವುದಿಲ್ಲ. ನಾವು ಬರ್ತೀನಿ ಎನ್ನುತ್ತೇವೆ, ಓಣಿಯ ತೆಲುಗಿನವರು ಪೋಯ್ ವಸ್ತಾ ಎನ್ನುತ್ತಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಸಾಬರ ಮನೆಯಲ್ಲೂ ಜಾಕೆ ಆತೂಂ ಎಂದೇ ಹೊರಡುತ್ತಾರೆ. ಎಲ್ಲದರ ಅರ್ಥವೂ ಹೋಗಿ ಬರ್ತೀನಿ ಎಂದೇ. ಕ್ಯಾಪ್ಟನ್ ಪಕ್ಕದಲ್ಲಿದ್ದಾಗಲೇ ಒಂದು ಸಲ, ನಿಲ್ದಾಣದಿಂದ ದೂರ ಹೋಗುತ್ತಾ ‘ಔಟ್‌ಬೌಂಡ್’ ಎನ್ನುವ ಬದಲು ‘ಇನ್‌ಬೌಂಡ್’ ಎಂದುಬಿಟ್ಟಿದ್ದೆ. ಮೊದಲನೆಯದು ಹೋಗುತ್ತಿದ್ದೇನೆ, ಎರಡನೆಯದು ಬರುತ್ತಿದ್ದೇನೆ. ಅವರು ಕೂಡಲೇ ತಿದ್ದಿದರು. “ಮೂಗು ಆ ಕಡೆ, ಮಾತು ಈ ಕಡೆ. ಆಕಾಶದಲ್ಲಿ ಇದು ನಡೆಯಲ್ಲ ಬೇಟಿ.”

ಒಬ್ಬಳೇ ಹಾರಬೇಕಾದ ಆ ಬೆಳಿಗ್ಗೆ ಆಯಿ ಕೊಟ್ಟ ಅವಲಕ್ಕಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಬಾಗಿಲಲ್ಲಿ “ಯೇತೆ” ಎಂದೆ. ಮರಾಠಿಯವರೂ ಹೊರಡುವಾಗ ‘ಬರ್ತೀನಿ’ ಅಂತಲೇ ಅನ್ನುವುದು. ಇಲ್ಲಿ ನಾನು ಬೇಗ ಕಲಿತ ಮಾತು ಅದೊಂದೇ. “ಯೇ ಬಾಳಾ,” ಬಾ ಮಗೂ, ಎಂದರು ಆಯಿ.

ನೆಲ ಬಿಟ್ಟ ಕೂಡಲೇ ಪಕ್ಕದ ಖಾಲಿ ಸೀಟು ನೋಡಿದೆ. ನೋಡಬಾರದಿತ್ತು. ಪಶ್ಚಿಮದ ಕಾಲುವೆ ಬಂತು. ಅಲ್ಲಿ, ದೂರ ಹೋಗುತ್ತಿದ್ದೇನೆ ಎಂದು ಟವರ್‌ಗೆ ವರದಿ ಕೊಡಬೇಕು. ಒತ್ತಿ ಹಿಡಿದರಷ್ಟೇ ಮಾತು ಹೊರಗೆ ಹೋಗುವ ರೇಡಿಯೋ ಬಟನ್ ಒತ್ತಿ, ವಿಮಾನದ ಹೆಸರು ಹೇಳಿ, ‘ಇನ್‌ಬೌಂಡ್’ ಎಂದೆ. ಟವರ್‌ನಲ್ಲಿ ಆಗಷ್ಟೇ ಪಾಳಿ ಬದಲಾಗಿತ್ತಂತೆ. ಹೊಸ ಧ್ವನಿ ಕೇಳಿತು: ನೀವು ನಿಲ್ದಾಣದ ಕಡೆ ಬರುತ್ತಿದ್ದೀರಾ, ಖಚಿತಪಡಿಸಿ. ಅರ್ಧ ಕೇಳಿಸಿತು, ಅರ್ಧ ಎದೆಬಡಿತದಲ್ಲಿ ಮುಳುಗಿತು. ನನ್ನೊಳಗಿನ ಹೂಂ ಎದ್ದುಬಂದು “ಅಫರ್ಮ್” ಎಂದಿತು.

ಅದೇ ಹೊತ್ತಿಗೆ ಪಶ್ಚಿಮದಿಂದ ಇನ್ನೊಬ್ಬ ವಿದ್ಯಾರ್ಥಿ ನಿಜವಾಗಿಯೂ ಹಿಂತಿರುಗುತ್ತಿದ್ದ. ನಾನು ಮುಂದೆ, ಅವನು ಹಿಂದೆ, ಇಬ್ಬರೂ ಒಂದೇ ಕಡೆಗೆ ಬರುತ್ತಿದ್ದೇವೆ ಎಂದು ನಂಬಿ ಟವರ್ ಅವನಿಗೆ ನನ್ನ ಎತ್ತರಕ್ಕೇ ಇಳಿಯಲು ಹೇಳಿತು. ನಾನು ಹೋಗುತ್ತಿದ್ದದ್ದು ಅವನ ಎದುರಿಗೆ.

ಗಾಜಿನ ಮೇಲೆ ಒಂದು ಕೊಳೆಯ ಚುಕ್ಕೆ ಕಂಡಿತು. ಚುಕ್ಕೆ ಅಲ್ಲಾಡಲಿಲ್ಲ, ದೊಡ್ಡದಾಯಿತು. ಅದಕ್ಕೆ ರೆಕ್ಕೆ ಮೂಡಿತು. ಅಯ್ಯೋ ದೇವರೇ! ಊರಿನ ರಸ್ತೆಯಲ್ಲಿ ಸ್ಕೂಟಿ ಓಡಿಸಿದ ಕೈ ಇದು. ಎದುರಿಗೆ ಲಾರಿ ಬಂದರೆ ತಾನಾಗಿಯೇ ಎಡಕ್ಕೆ ಸರಿಯುವ ಕೈ. ಆಗಲೂ ಎಡಕ್ಕೆ ಎಳೆಯಿತು. ರೆಕ್ಕೆ ಎಡಕ್ಕೆ ವಾಲಿದ್ದೂ ನೆನಪಿದೆ. ಬಲಕ್ಕೆ, ಬಲಕ್ಕೆ ಕಣೇ ಎಂದು ನಾನೇ ಕನ್ನಡದಲ್ಲಿ ಕಿರುಚಿಕೊಂಡೆ. ಮೈಯ ಭಾರವೆಲ್ಲ ಹಾಕಿ ಬಲಕ್ಕೆ ತಿರುಗಿಸಿದೆ. ಅವನು ಓದಿಲ್ಲದೆ ಹೋಗಿದ್ದರೆ? ಅಪ್ಪನ ಮಾತು ಬಿಟ್ಟರೆ ತಲೆಯಲ್ಲಿ ಇನ್ನೇನೂ ಇರಲಿಲ್ಲ.

ಅವನು ಓದಿದ್ದ. ಅವನ ಬಿಳಿಯ ಹೊಟ್ಟೆ ನನ್ನ ಎಡಗಡೆಯಿಂದ ಸರ್ರನೆ ಹಾದುಹೋಯಿತು.

ಆಮೇಲೆ ಕಿವಿಯಲ್ಲಿ ಸದ್ದೇ ಇಲ್ಲ. ರೇಡಿಯೋ ಸತ್ತುಹೋಗಿತ್ತು. ಕೂಗಿದೆ, ಮೇಡೇ ಅಂತಲೂ ಕೂಗಿದೆ, ಈ ಸಲ ಜೋರಾಗಿಯೇ, ಯಾರೂ ಉತ್ತರಿಸಲಿಲ್ಲ. ಸಾಯುತ್ತೇನೆ ಎಂದೇ ಅಂದುಕೊಂಡೆ. ಅಮ್ಮ ನನ್ನ ಹೆಸರಿನಲ್ಲಿ ಮುರುಗಮಲ್ಲದ ದರ್ಗಾದಲ್ಲಿ ಕಟ್ಟಿಬಂದಿದ್ದ ದಾರ ನೆನಪಾಯಿತು. ಏಳು ಆರು ಸೊನ್ನೆ ಸೊನ್ನೆ ಒತ್ತಿ, ಕಾಲುವೆ ಹಿಡಿದು ಹಿಂದಕ್ಕೆ ಬಂದೆ. ಟವರ್‌ನಿಂದ ಕೆಂಪು ದೀಪ! ಒಂದು ಕ್ಷಣ ಜೀವ ಹಾರಿಹೋಯಿತು. ಮಿನುಗುತ್ತಿದೆಯಾ, ಸ್ಥಿರವಾ? ಕಣ್ಣಲ್ಲಿ ನೀರು ತುಂಬಿ ಎಲ್ಲವೂ ಮಿನುಗುತ್ತಿತ್ತು. ಒರೆಸಿಕೊಂಡು ನೋಡಿದೆ. ಸ್ಥಿರ. ಸುತ್ತುತ್ತಿರು ಎಂದರ್ಥ. ಸುತ್ತಿದೆ. ಮತ್ತೊಂದು ಸುತ್ತಿನಲ್ಲಿ ಹಸಿರು ಕಂಡಿತು. ಹೂಂ, ಹೂಂ ಎಂದು ಬಾಯಿಯಲ್ಲೂ ಹೇಳುತ್ತಾ ರೆಕ್ಕೆಗಳನ್ನು ಆಡಿಸಿದೆ. ಇಳಿದಾಗ ವಿಮಾನ ಕುಪ್ಪಳಿಸಿತು, ನಿಂತಿತು.

ಕ್ಯಾಪ್ಟನ್ ಓಡಿಬಂದು ಬಾಗಿಲು ತೆಗೆದರು. ನನ್ನ ಹೆಡ್‌ಫೋನಿನ ವಯರು ಕಿತ್ತುಕೊಂಡು ಮಂಡಿಯ ಹತ್ತಿರ ನೇತಾಡುತ್ತಿತ್ತು. ಬಲಕ್ಕೆ ತಿರುಗಿಸುವ ಭರದಲ್ಲಿ ನಾನೇ ಕಿತ್ತಿದ್ದೆ. ಅವರು ಬೈಯುತ್ತಾರೆಂದು ಕಾದೆ. “ಬೈಯೋಕೆ ನೀನು ಇದೀಯಲ್ಲ, ಅಷ್ಟು ಸಾಕು. ಮನೆಗೆ ಹೋಗು. ಮತ್ತೆ ಹಾರಬೇಕೋ ಬೇಡವೋ ಅಲ್ಲೇ ಯೋಚನೆ ಮಾಡು” ಎಂದರು.

ಹಾರುವುದಿಲ್ಲ ಎಂದೇ ತೀರ್ಮಾನಿಸಿ ರೈಲು ಹತ್ತಿದೆ. ಆದರೂ ದಾರಿಯುದ್ದಕ್ಕೂ ‘ಔಟ್‌ಬೌಂಡ್ ಅಂದ್ರೆ ಹೋಗ್ತೀನಿ, ಔಟ್‌ಬೌಂಡ್ ಅಂದ್ರೆ ಹೋಗ್ತೀನಿ’ ಎಂದು ಜಪ ಮಾಡುತ್ತಿದ್ದೆ. ಮನೆಯಲ್ಲಿ ಅಮ್ಮನಿಗೆ ರಜೆ ಎಂದು ಹೇಳಿದೆ. ಬಸ್ಸಾರು, ಮುದ್ದೆ, ಅವರೆಕಾಳು ಎಲ್ಲ ಆಯಿತು. ಆದರೆ ತಮಾಷೆ ನೋಡಿ, ಊಟದ ಜೊತೆ ಆಯಿಯ ಮೆಣಸಿನಕಾಯಿ ಜಜ್ಜಿದ ಠೇಚಾ ಚಟ್ನಿ ಇದ್ದಿದ್ದರೆ ಎನ್ನಿಸಿತು. ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ, “ಏನಮ್ಮ ಭಾಗಿ, ಎದುರುಗಡೆಯವ್ನು ಪಾಠ ಓದಿದ್ನಾ?” ಎಂದು ಚೇಷ್ಟೆ ಮಾಡಿದರು.

“ಓದಿದ್ದ ಅಪ್ಪ” ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು.

ಅಪ್ಪನಿಗೆ ಅರ್ಥವಾಯಿತು. ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. “ಮುರುಗಮಲ್ಲದ್ ತಿರುವಲ್ಲಿ ಒಂದಿನ ನಂಗೂ ಹಿಂಗೇ ಆಗಿತ್ತು ಕಣಮ್ಮ. ಕೂದಲೆಳೆ ಅಷ್ಟ್ರಲ್ಲಿ ತಪ್ತು. ನಿಮ್ಮಮ್ಮಂಗೆ ಹೇಳಿಲ್ಲ. ಮಾರ್ನೇ ದಿನ ಅದೇ ಬಸ್ ಹತ್ತಿದೆ, ಕೈ ಗಡಗಡ ಅಂತಿತ್ತು. ಇವಾಗ್ಲೂ ಆ ತಿರುವು ಬಂದ್ರೆ ಹಾರನ್ ಮೇಲಿಂದ ಕೈ ತೆಗ್ಯಲ್ಲ.”

“ಇನ್ನೂ ಭಯ ಆಗತ್ತಾ?”

“ಆಗ್ದೆ ಏನು! ದಿನಾ ಆಗತ್ತೆ.”

ಅದನ್ನು ಕೇಳಿ ನನಗೆ ಯಾಕೋ ಸಮಾಧಾನವಾಯಿತು. ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತು, ಒಳಗೆ ಒಗ್ಗರಣೆ ಹಾಕುತ್ತಿದ್ದ ಅಮ್ಮನಿಗೆ ಕೂಗಿ ಹೇಳಿದೆ: “ಅಮ್ಮಾ, ಹೋಗ್ತೀನಿ!”

ಸೌಟು ಬಿದ್ದ ಸದ್ದು. ಅಮ್ಮ ಹೊರಗೆ ಬಂದಾಗ ಅವಳ ಮುಖದಲ್ಲಿ ಬಣ್ಣವೇ ಇರಲಿಲ್ಲ. “ಏನಂದೆ? ಏನೇ ಅಂದೆ ನೀನು? ಬಿಡ್ತು ಅನ್ನು! ಮೊದ್ಲು ಬಿಡ್ತು ಅನ್ನು!”

“ಬಿಡ್ತು ಅಮ್ಮ, ಬಿಡ್ತು. ಬಾಯಿ ತಪ್ಪಿ ಬಂತು.”

“ಆಕಾಶದ ಮೇಲೆ ಓಡಾಡೋಳು, ಹೊಸ್ತಿಲಲ್ಲಿ ನಿಂತ್ಕೊಂಡು ಇಂಥ ಮಾತಾ ಆಡೋದು!” ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಕೂರಿಸಿದಳು, ನೀರು ಕುಡಿಸಿದಳು. ಕುಡಿದು ಮುಗಿಸುವವರೆಗೂ ನನ್ನ ಕೈ ಬಿಡಲಿಲ್ಲ. ನಾನು ಏನೂ ಹೇಳದಿದ್ದರೂ ಅವಳಿಗೆ ಎಲ್ಲ ಗೊತ್ತಿದೆ ಎನ್ನಿಸಿತು. “ಇವಾಗ ಸರಿಯಾಗಿ ಹೇಳು.”

“ಬರ್ತೀನಿ ಅಮ್ಮ.”

“ಹೂಂ. ಬಾ.”

ರೈಲಿಳಿದು ಮನೆ ಸೇರಿದಾಗ ಆಯಿ ಬಾಗಿಲಲ್ಲೇ ನಿಂತಿದ್ದರು. “ಆಲೀಸ ಕಾ?” ಬಂದೆಯಾ ಎಂದರು. “ಆಲೇ,” ಬಂದೆ, ಎಂದೆ. ಬರ್ತೀನಿ ಎಂದು ಹೇಳಿದ್ದು ಅಮ್ಮನಿಗೆ, ಬಂದೆ ಎನ್ನುತ್ತಿರುವುದು ಇವರಿಗೆ. ನನಗೇ ಒಂಥರಾ ಆಯಿತು.

ಈಗ ಮತ್ತೆ ಒಬ್ಬಳೇ ಹಾರುತ್ತಿದ್ದೇನೆ. ಭಯ ಹೋಗಿಲ್ಲ, ಅದಕ್ಕೂ ಸೀಟ್ ಬೆಲ್ಟ್ ಹಾಕಿ ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ. ಕಾಲುವೆ ಬಂದಾಗ ಔಟ್‌ಬೌಂಡ್ ಎಂದು ಸ್ಪಷ್ಟವಾಗಿ ವರದಿ ಕೊಡುತ್ತೇನೆ. ಆಮೇಲೆ ಬಟನ್ ಬಿಟ್ಟು, ಬಿಡ್ತು ಎಂದು ಹೇಳಿ, ಬರ್ತೀನಿ ಎನ್ನುತ್ತೇನೆ. ಅದು ಅಮ್ಮನಿಗೋ ಆಯಿಗೋ ಗೊತ್ತಿಲ್ಲ. ಹೇಳುವ ಮುಂಚೆ ಬಟನ್ ಬಿಟ್ಟಿದ್ದೇನೆಯೇ ಎಂದು ಮಾತ್ರ ಎರಡು ಸಲ ನೋಡಿಕೊಳ್ಳುತ್ತೇನೆ.