ಕಮರಿಯ ಅಂಚಿನಲ್ಲಿ ಕೇಳಿದ ಪ್ರಶ್ನೆ

ಕನ್ನಡಕದಕ್ಕನಿಗೆ ತನ್ನ ವಾರಗಿತ್ತಿಯನ್ನು ಕಂಡರೆ ಆಗುತ್ತಿರಲಿಲ್ಲ. ಓಣಿಗೆಲ್ಲ ಗೊತ್ತಿದ್ದ ವಿಷಯ ಅದು. ಮನೆ ಒಂದೇ, ಅಡುಗೆಮನೆಯೂ ಒಂದೇ, ಆದರೆ ಗ್ಯಾಸ್ ಒಲೆ ಎರಡು, ಉಪ್ಪಿನ ಡಬ್ಬಿ ಎರಡು. ಒಬ್ಬಳು ಸಿಂಕಿನ ಹತ್ತಿರ ಬಂದರೆ ಇನ್ನೊಬ್ಬಳು ಕೈಯಲ್ಲಿದ್ದ ಪಾತ್ರೆಯನ್ನು ಟಣ್ಣೆಂದು ಕುಕ್ಕಿ ಹೊರಗೆ ನಡೆಯುತ್ತಿದ್ದಳು. ಗಂಡಸರಿಬ್ಬರಿಗೂ ಆ ಸದ್ದು ಫ್ಯಾನಿನ ಸದ್ದಿನಷ್ಟೇ ಅಭ್ಯಾಸವಾಗಿಹೋಗಿತ್ತು.

ಅವಳ ಕೆಲಸ ಕನ್ನಡಕದಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ. ಲೆನ್ಸಿನ ಅಂಚು ಉಜ್ಜಿ, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಫ್ರೇಮಿಗೆ ಕೂರಿಸಬೇಕು. ಕೂದಲೆಳೆಯಷ್ಟು ಸಡಿಲವಿದ್ದರೂ ತೆಗೆದು ಮತ್ತೆ ಮಾಡುವಳು. ಅಂಗಡಿಯಲ್ಲಿ ಅಷ್ಟು ತಾಳ್ಮೆ ಇದ್ದವಳಿಗೆ ಮನೆಯ ಹೊಸ್ತಿಲು ದಾಟಿದರೆ ಮೂಗಿನ ತುದಿಯಲ್ಲೇ ಸಿಟ್ಟು.

ಸಿಟ್ಟಿಗೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಅವಳ ಗಂಡ ಬ್ಯಾಟರಿ ಅಂಗಡಿಯನ್ನು ಹೊಸ ಜಾಗಕ್ಕೆ ಬದಲಾಯಿಸಿದ್ದ. ಆ ದಿನ ಮನೆ ತುಂಬ ನೆಂಟರು, ವ್ಯಾಪಾರದವರು. ಅವಳು ಬೆಳಿಗ್ಗೆಯಿಂದ ಒಲೆ ಮುಂದೆ ನಿಂತು, ಮಧ್ಯಾಹ್ನ ಪಂಕ್ತಿ ಪಂಕ್ತಿಗೆ ಬಡಿಸಿ, ಸಂಜೆ ಹೊತ್ತಿಗೆ ಸೊಂಟ ಹಿಡಿದು ಕೂತಾಗ ಗಂಡ ಬಂದು, "ನಿಮ್ಮಮ್ಮನಿಗೆ ಹುಷಾರಿಲ್ಲವಂತೆ, ಹೊರಡು," ಅಂದ. ಅವಳು ಆಸ್ಪತ್ರೆ ತಲುಪುವಷ್ಟರಲ್ಲಿ ಅಮ್ಮನ ಮುಖಕ್ಕೆ ಬಟ್ಟೆ ಎಳೆದಾಗಿತ್ತು. ಅಣ್ಣ ಗೋಡೆಗೆ ಒರಗಿ ನಿಂತಿದ್ದ. "ಬೆಳಿಗ್ಗೆಯೇ ಮನೆಗೆ ಫೋನ್ ಮಾಡಿದ್ದೆನಲ್ಲೇ. ನಿನ್ನ ವಾರಗಿತ್ತಿ ಎತ್ತಿದ್ದಳು. ಕೊನೆಯವರೆಗೂ ನಿನ್ನನ್ನೇ ಕೇಳ್ತಾ ಇದ್ದಳು ಅಮ್ಮ," ಅಂದ.

ಊರಿಂದ ವಾಪಸು ಬಂದವಳು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ, ಇನ್ನೂ ಉಳಿದಿದ್ದ ನೆಂಟರ ಎದುರಿಗೇ ವಾರಗಿತ್ತಿಯ ಜನ್ಮ ಜಾಲಾಡಿದಳು. ಕೊಲೆಗಾತಿ ಅಂತಲೂ ಅಂದಳು. ವಾರಗಿತ್ತಿ ಬಾಯಿ ತೆರೆಯಲಿಲ್ಲ. ಗಂಡ, "ಹೋಗಲಿ ಬಿಡೇ, ಆಗಿದ್ದು ಆಗಿಹೋಯ್ತು," ಎಂದು ಸಮಾಧಾನ ಮಾಡಿದ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

ಮೈದುನ ಪ್ರವಾಸಿಗರ ವ್ಯಾನ್ ಓಡಿಸುತ್ತಿದ್ದ. ಒಂದು ಭಾನುವಾರ ಗಾಡಿ ಖಾಲಿ ಇದ್ದಾಗ ಎಲ್ಲರನ್ನೂ ಕಮರಿ ತೋರಿಸಲು ಹೊರಡಿಸಿದ. "ನಡೆಯೋ ದಾರಿ ಸ್ವಲ್ಪ ಉದ್ದ, ಆದರೆ ತುದಿಯಲ್ಲಿ ನಿಂತು ನೋಡಿದರೆ ಜನ್ಮದಲ್ಲಿ ಮರೆಯಲ್ಲ," ಅಂದಿದ್ದ.

ದಾರಿ ಶುರುವಾಗಿದ್ದು ಒಣಹುಲ್ಲಿನ ಬಯಲಲ್ಲಿ. ಆಮೇಲೆ ಕುರುಚಲು ಕಾಡು, ಅದು ಮುಗಿದ ಮೇಲೆ ಬರೀ ಕೆಂಪು ಬಂಡೆ. ಕಾಲಿಟ್ಟಲ್ಲೆಲ್ಲ ಹರಳು ಜಾರುತ್ತಿತ್ತು. ಅರ್ಧ ದಾರಿಯಲ್ಲೇ ಅವಳ ಗಂಡ ಮೊಣಕಾಲು ಹಿಡಿದು ಕೂತುಬಿಟ್ಟ. ತನ್ನ ಅಣ್ಣನನ್ನು ಕೆಳಗೆ ಕರೆದೊಯ್ಯುತ್ತೇನೆಂದ ಮೈದುನ, ಹೆಂಗಸರ ಮುಖ ನೋಡಿ, "ನೀವೂ ವಾಪಸು ಬರ್ತೀರಾ?" ಎಂದು ಕೇಳಿದ.

"ನಾನು ಬರಲ್ಲ," ಅಂದಳು ಕನ್ನಡಕದಕ್ಕ.

"ನಾನೂ ಬರಲ್ಲ," ಅಂದಳು ವಾರಗಿತ್ತಿ, ಇನ್ನೆತ್ತಲೋ ನೋಡುತ್ತ.

ಹಾಗೆ, ಇವಳಿಗಿಂತ ಮೊದಲು ನಾನು ಸೋಲಬಾರದು ಎಂಬ ಒಂದೇ ಹಟಕ್ಕೆ ಇಬ್ಬರೂ ಏರಿದರು. ಒಬ್ಬಳು ನೀರು ಕುಡಿಯಲು ನಿಂತರೆ ಇನ್ನೊಬ್ಬಳು ಮುಂದೆ ಹೋಗುವಳು. ಎದುರಿಗೆ ಇಳಿದುಬರುತ್ತಿದ್ದ ಮುದುಕಿಯೊಬ್ಬಳು ನಕ್ಕು, "ಅಕ್ಕತಂಗಿಯರಾ?" ಎಂದು ಕೇಳಿದಳು. "ಅಲ್ಲ!" ಎಂದು ಇಬ್ಬರೂ ಒಟ್ಟಿಗೇ ಅಂದ ರಭಸಕ್ಕೆ ಆ ಮುದುಕಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಬಂಡೆಯ ಕೊನೆಯ ತಿರುವು ದಾಟುತ್ತಿದ್ದಂತೆ ನೆಲವೇ ಮುಗಿದುಹೋಯಿತು. ಮುಂದೆ ಬರೀ ಗಾಳಿ. ಎದುರಿನ ಗೋಡೆ ಕೆಂಪು, ಬೂದು, ಕಪ್ಪು ಪದರ ಪದರವಾಗಿ ಇಳಿದಿತ್ತು. ತಳದಲ್ಲಿ ಹೊಳೆ ದಾರದೆಳೆಯಂತೆ ಬಿದ್ದಿತ್ತು. ಹದ್ದೊಂದು ಇವರ ಕಾಲಿಗಿಂತ ಕೆಳಗೆ ಹಾರುತ್ತಿತ್ತು. ವಾರಗಿತ್ತಿ ಒಮ್ಮೆ ಇಣುಕಿದವಳು ಬಿಳಿಚಿಕೊಂಡು, ಬಂಡೆಯನ್ನು ಎರಡೂ ಕೈಯಲ್ಲಿ ತಬ್ಬಿ ಕುಸಿದಳು.

ಕನ್ನಡಕದಕ್ಕನಿಗೆ ಒಂದಿಷ್ಟೂ ಕನಿಕರ ಬರಲಿಲ್ಲ. ಅಡುಗೆಮನೆಯಲ್ಲಾದರೆ ಇವಳು ಎದ್ದು ಹೋಗುತ್ತಾಳೆ, ಇಲ್ಲಿ ಏಳಲಾರಳು ಎಂದಷ್ಟೇ ಅನ್ನಿಸಿತು. ಎದುರಿಗೆ ಬಂದು ನಿಂತಳು.

"ಆ ದಿನ ಫೋನ್ ಎತ್ತಿದ್ದು ನೀನೇ ತಾನೆ?"

"ನಾನೇ."

"ಮತ್ತೆ ಯಾಕೆ ಹೇಳಲಿಲ್ಲ?"

ವಾರಗಿತ್ತಿ ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟಳು. "ಹೇಳಿದೆ. ನಿಮಗಲ್ಲ, ಭಾವನಿಗೆ. ಫೋನ್ ಇಟ್ಟ ತಕ್ಷಣ ಹೋಗಿ ಹೇಳಿದೆ. ಈಗಲೇ ಹೇಳಿದರೆ ಅವಳು ಹೊರಟುಬಿಡ್ತಾಳೆ, ಇಷ್ಟು ಜನಕ್ಕೆ ಬಡಿಸೋರು ಯಾರು, ಊಟ ಮುಗೀಲಿ, ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ ಅಂದರು."

ಗಾಳಿ ಕನ್ನಡಕದಕ್ಕನ ಸೆರಗನ್ನು ಮುಖಕ್ಕೆ ಬಡಿಯಿತು. ಅವಳು ಅದನ್ನು ಸರಿಸಿಕೊಳ್ಳಲಿಲ್ಲ.

"ಸುಳ್ಳು."

"ಇಂಥ ಜಾಗದಲ್ಲಿ ಕೂತು ಸುಳ್ಳು ಹೇಳೋಕೆ ನನಗೇನು ತಲೆ ಕೆಟ್ಟಿದೆಯಾ?"

"ಹಾಗಾದರೆ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಾ?"

"ನೀವು ಕೇಳಿದ್ದಿರಾ? ಬಂದವರೇ ಕೊಲೆಗಾತಿ ಅಂದಿರಿ. ಅಷ್ಟು ಜನರ ಮುಂದೆ. ಉರೀರಿ, ಹಾಗೇ ಉರೀತಾ ಇರಿ ಅಂದುಕೊಂಡೆ ನಾನು."

ಕನ್ನಡಕದಕ್ಕ ಕಮರಿಯ ಕಡೆ ತಿರುಗಿದಳು. ಪಂಕ್ತಿಯ ನಡುವೆ ಗಂಡ ಓಡಾಡುತ್ತ, "ಇಲ್ಲಿಗೆ ಇನ್ನೊಂದು ಸ್ವಲ್ಪ ಬಡಿಸು," ಎಂದು ತನ್ನನ್ನು ನಗುನಗುತ್ತಾ ಕರೆದದ್ದು ನೆನಪಾಯಿತು. ಆಗಲೇ ಅವನಿಗೆ ಗೊತ್ತಿತ್ತು. ಅವಳು ಬಂಡೆಯ ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಂಡಳು.

ಇಳಿಯುವಾಗ ವಾರಗಿತ್ತಿಗೆ ಕೈ ಕೊಡಲೇಬೇಕಾಯಿತು, ಇಲ್ಲದಿದ್ದರೆ ಅವಳು ಅಲ್ಲಿಂದ ಕದಲುತ್ತಿರಲಿಲ್ಲ. ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಹಟಮಾರಿ ಮಗುವನ್ನು ಎಳೆದು ತರುವಂತೆ ಎಳೆದು ತಂದಳು. ಬಂಡೆಯ ದಾರಿ ಮುಗಿದ ಕೂಡಲೇ ಬಿಟ್ಟಳು.

ಗಂಡ ವ್ಯಾನಿನ ನೆರಳಲ್ಲಿ ಕಾಲು ಚಾಚಿ ಕಡಲೆಕಾಯಿ ಸುಲಿಯುತ್ತಿದ್ದ. "ಹೇಗಿತ್ತು ಮೇಲೆ?" ಅಂದ.

"ನಮ್ಮಮ್ಮ ಸಾಯ್ತಾ ಇದ್ದಾಳೆ ಅಂತ ನಿಮಗೆ ಬೆಳಿಗ್ಗೆಯೇ ಗೊತ್ತಿತ್ತಾ?"

ಅವನು ಮೊದಲು ನೋಡಿದ್ದು ತಮ್ಮನ ಹೆಂಡತಿಯನ್ನು. ಕನ್ನಡಕದಕ್ಕನಿಗೆ ಅಷ್ಟೇ ಸಾಕಾಯಿತು.

"ಈಗ ಯಾಕೇ ಅದೆಲ್ಲ ಕೆದಕ್ತೀಯ? ಇಷ್ಟು ಬೇಗ ಹೋಗಿಬಿಡ್ತಾರೆ ಅಂತ ನನಗೇನು ಗೊತ್ತಿತ್ತು..."

"ಸಾಕು," ಅಂದಳು. ವ್ಯಾನಿನ ಕೊನೆಯ ಸೀಟಿನಲ್ಲಿ ಒಬ್ಬಳೇ ಕೂತು ಮನೆಗೆ ಬಂದಳು.

ಆ ವಾರವೇ ತನ್ನ ಹಾಸಿಗೆ, ಬಟ್ಟೆಬರೆಯನ್ನು ಮಹಡಿಯ ಕೋಣೆಗೆ ಸಾಗಿಸಿದಳು. ಗಂಡ ಮೊದಲು ರೇಗಿದ, ಆಮೇಲೆ ಗೋಗರೆದ, ಅವಳ ಅಣ್ಣನನ್ನು ಕರೆಸಿ ಬುದ್ಧಿ ಹೇಳಿಸಲು ನೋಡಿದ. ನಡೆದದ್ದೆಲ್ಲ ಕೇಳಿದ ಅಣ್ಣ ಅವನ ಮನೆಯ ನೀರನ್ನೂ ಮುಟ್ಟದೆ ಎದ್ದುಹೋದ. ಅವಳು ಹಾಸಿಗೆಯನ್ನು ಮತ್ತೆ ಕೆಳಗೆ ತರಲಿಲ್ಲ. ಕೆಲಸಕ್ಕೆ ಹೋಗುವಳು, ಬರುವಳು, ತನ್ನೊಬ್ಬಳಿಗೆ ಬೇಯಿಸಿಕೊಳ್ಳುವಳು. ಮೆಟ್ಟಿಲಲ್ಲಿ ಗಂಡ ಎದುರಾದರೆ, ಯಾರೋ ಬಾಡಿಗೆಯವನಿಗೆ ದಾರಿ ಬಿಡುವಂತೆ ಗೋಡೆಗೆ ಸರಿದು ನಿಲ್ಲುವಳು.

ಒಂದು ಮಧ್ಯಾಹ್ನ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ವಾರಗಿತ್ತಿ ಬಕೆಟ್ ಹಿಡಿದು ಬಂದಳು. ಅದನ್ನು ಕೆಳಗಿಟ್ಟು, "ಅಕ್ಕಾ, ನನ್ನ ಮೇಲಿನ ಸಿಟ್ಟು ಹೋಯ್ತಾ?" ಅಂದಳು.

"ಇಲ್ಲ. ನಿನ್ನ ಪಾಲಿನ ಸಿಟ್ಟು ನಿನಗೆ ಇದ್ದೇ ಇದೆ."

"ನನ್ನದೂ ಅಷ್ಟೇ," ಎಂದ ವಾರಗಿತ್ತಿ, ಹಗ್ಗದ ಆ ತುದಿಗೆ ಹೋಗಿ ತನ್ನ ಬಟ್ಟೆ ಹಿಂಡತೊಡಗಿದಳು.