ತೆರೆಯ ಕೆಳಗೆ ಕಂಡ ಕಾಲುಗಳು

ದೆವ್ವ ಕಂಡೆ ಎಂದವರಿಗೆ, ಮೊದಲು ಕಣ್ಣು ತೋರಿಸಿಕೊಂಡು ಬಾ ಎನ್ನುತ್ತಿದ್ದವನು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನಿಗೆ ಅಷ್ಟು ಜಂಬವಾದರೂ ಬೇಡವೇ? ಈಗಲೂ ದೆವ್ವ ನಂಬುವುದಿಲ್ಲ. ಆದರೆ ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ, ಕಾನಹೊಸಹಳ್ಳಿ ಹತ್ತಿರದ ನಮ್ಮೂರ ಬಯಲಾಟದಲ್ಲಿ ಕಂಡದ್ದನ್ನು ಯಾವ ಪಾಠಕ್ಕೆ ಸೇರಿಸಬೇಕೋ ಇವತ್ತಿಗೂ ತಿಳಿದಿಲ್ಲ.

ಕೊಟ್ರೇಶ ನನ್ನ ಹಳೆಯ ವಿದ್ಯಾರ್ಥಿ. ಮಿಲಿಟರಿ ಸೇರಿ, ಹಿಮದ ಗಡಿಯಲ್ಲಿದ್ದು, ಇನ್ನೂ ಹುಡುಗನಾಗಿರುವಾಗಲೇ ನೌಕರಿ ಬಿಟ್ಟು ಬಂದಿದ್ದ. ಬಂದವನು ಬಾಯಿ ಬಿಡಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ತಾಟು ತಂದಿಟ್ಟುಕೊಳ್ಳದೆ ಊಟಕ್ಕೆ ಕೂರುತ್ತಿರಲಿಲ್ಲ. ಹುಡುಗನ ತಲೆ ಕೆಟ್ಟಿದೆ ಎಂದು ಊರು ತೀರ್ಮಾನಿಸಿಬಿಟ್ಟಿತು. ಅವನ ಜೊತೆಯಲ್ಲೇ ಸೈನ್ಯ ಬಿಟ್ಟ ಚಿಗಟೇರಿಯ ಹನುಮಂತ ಆಗಾಗ ಬಸ್ಸಿನಲ್ಲಿ ಬರುತ್ತಿದ್ದ. ಇಬ್ಬರೂ ಕಟ್ಟೆಯ ಮೇಲೆ ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಬಯಲಾಟದ ತಾಲೀಮು ಶುರುವಾಯಿತು. ಏಳು ಕಡಲಾಚೆಯ ರಾಜ್ಯ, ಅಲ್ಲಿನ ಮಾಯಾವಿ ಅರಸ, ಅವನ ಮೇಲೆ ದಂಡೆತ್ತಿ ಹೋಗುವ ಸೇನಾಪತಿ, ಕಥೆ ಅಂಥದ್ದು. ಗೋಡೆಗೆ ಒರಗಿ ನೋಡುತ್ತಿದ್ದ ಕೊಟ್ರೇಶ ಒಂದು ಸಂಜೆ ತಾನಾಗಿ ಎದ್ದು ಸೇನಾಪತಿಯ ಮಾತು ಹೇಳಿದ. ನಾವೆಲ್ಲ ಬೆರಗಾಗಿ ಆ ಪಾತ್ರವನ್ನು ಅವನಿಗೇ ಕೊಟ್ಟೆವು. ಅಂದಿನಿಂದ ಆ ಮಾಯಾ ರಾಜ್ಯದಲ್ಲಿ ಮಾತ್ರ ಅವನಿಗೆ ಮಾತು. ತಾಲೀಮು ಮುಗಿದರೆ ಮತ್ತೆ ಮೂಕ. ಅವನ ತಾಯಿ ಗಂಗಮ್ಮ ಒಂದು ದಿನ ದಾರಿಯಲ್ಲಿ ನನ್ನನ್ನು ನಿಲ್ಲಿಸಿದಳು.

"ಆಟ ಮುಗದ ಮ್ಯಾಲೆ ನನ್ನ ಮಗ ಮನಿಗೆ ಬರ್ತಾನೇನ್ರಿ ಸರ, ಇಲ್ಲಾ ಅಲ್ಲೇ ಉಳಕಂತಾನ?"

 

ಆಟದಲ್ಲಿ ನಾನು ಸಾರಥಿ. ನಮ್ಮಲ್ಲಿ ಯಾವ ಪಾತ್ರವೂ ನೇರ ರಂಗಕ್ಕೆ ಬರುವಂತಿಲ್ಲ. ಇಬ್ಬರು ತೆರೆ ಹಿಡಿದಿರುತ್ತಾರೆ, ಅದರ ಹಿಂದೆ ಪಾತ್ರ ಕುಣಿಯುತ್ತದೆ, ಕೆಳಗೆ ಕಾಲಷ್ಟೇ ಕಾಣುತ್ತವೆ. ತೆರೆ ಸರಿದ ಮೇಲೆ, ಬಂದವರು ಯಾರು, ಯಾವ ದೇಶದವರು ಎಂದು ಸಾರಥಿ ಕೇಳಬೇಕು. ರಾಜನಿರಲಿ, ರಾಕ್ಷಸನಿರಲಿ, ಕೇಳದೆ ಒಳಗೆ ಬಿಟ್ಟರೆ ಆಟ ಕೆಟ್ಟಿತೆಂದೇ ಲೆಕ್ಕ.

ಆಟದ ದಿನ ಜನ ಉಂಡು ಬಂದು ಕೂತು ಸ್ವಲ್ಪ ಹೊತ್ತಷ್ಟೇ ಆಗಿತ್ತು. ಸೇನಾಪತಿಯ ಪ್ರವೇಶ. ತೆರೆಯ ಕೆಳಗೆ ಗೆಜ್ಜೆ ಕಟ್ಟಿದ ಕೊಟ್ರೇಶನ ಕಾಲು ಕುಣಿಯುತ್ತಿದ್ದವು. ಅವುಗಳ ಪಕ್ಕದಲ್ಲಿ ಇನ್ನೆರಡು ಕಾಲು ಸುಮ್ಮನೆ ನಿಂತಿದ್ದವು. ಆ ಸುಡು ಬೇಸಿಗೆಯಲ್ಲಿ ಅವಕ್ಕೆ ದಪ್ಪ ಉಣ್ಣೆಯ ಕಾಲುಚೀಲ. ಯಾವನೋ ತಲೆಹರಟೆ ಒಳಗೆ ನುಗ್ಗಿದ್ದಾನೆಂದು ಸಿಟ್ಟು ಬಂತು. ತೆರೆ ಸರಿಯಿತು. ಕೊಟ್ರೇಶ ಒಬ್ಬನೇ ಇದ್ದ.

ಪದ್ಧತಿಯಂತೆ ಕೇಳಿದೆ. ಅವನು ಗತ್ತಿನಿಂದ ಸೇನಾಪತಿಯ ಹೆಸರು, ದೇಶ ಹೇಳಿದ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಆದರೆ ನಾಲಿಗೆ ನಿಲ್ಲಲಿಲ್ಲ.

"ತಮ್ಮ ಸಂಗಡ ಬಂದಂಥವರು ಯಾರು?" ಎಂದುಬಿಟ್ಟೆ.

ಹಾರ್ಮೋನಿಯಂ ನಿಂತಿತು. ಕೊಟ್ರೇಶ ನನ್ನನ್ನೇ ನೋಡಿದ. ಆಮೇಲೆ ಸೇನಾಪತಿಯ ದನಿ ಬಿಟ್ಟು ತನ್ನ ದನಿಯಲ್ಲಿ ಹೇಳಿದ.

"ಇವ್ನ ಹೆಸ್ರು ಧರಮ್. ನಮ್ ಜೊತಿ ಇದ್ದ. ಬರ್ಫದಾಗ, ಆ ಹಿಮದಾಗ, ಬಿಟ್ಟು ಬಂದ್ವಿ."

ಜನರ ನಡುವೆ ಕೂತಿದ್ದ ಹನುಮಂತ ಎದ್ದು ನೆಟ್ಟಗೆ ನಿಂತ. ಕೈ ಹಣೆಗೆ ಹೋಗಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮದ್ದಳೆಯವನು ಏನೂ ತೋಚದೆ ಬಾರಿಸತೊಡಗಿದ, ಆಟ ಮುಂದುವರಿಯಿತು.

ಬೆಳಗಾದ ಮೇಲೆ ಕೊಟ್ರೇಶ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದ. ಅಳುಕುತ್ತಲೇ ಹೆಸರು ಹಿಡಿದು ಕರೆದೆ. ತಿರುಗಿದ.

"ನಿಮಗೂ ಕಂಡ್ನೇನ್ರಿ ಸರ?"

ಕಾಲು ಕಂಡವು, ಉಣ್ಣೆಯ ಕಾಲುಚೀಲ ಇದ್ದವು ಎಂದೆ. ಅವನು ಬಣ್ಣ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟ.

"ಹಂಗಾರ ಅವ ನನಗೊಬ್ಬಂಗ ಕಂಡಿದ್ದಲ್ಲ" ಎಂದ. ಆಮೇಲೆ ಎದ್ದು, ಹೊರಗೆ ಕಾಯುತ್ತಿದ್ದ ತಾಯಿಯ ಜೊತೆ ಮನೆಗೆ ಹೋದ.

ಈಗ ಅವನು ಕೊಟ್ಟೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮಾತಿಗೆ ಕೂತರೆ ನಮ್ಮನ್ನು ಏಳಗೊಡುವುದಿಲ್ಲ. ಸಮಾಧಾನ ಇಲ್ಲದಿರುವುದು ನನಗೆ. ಟ್ಯೂಬ್‌ಲೈಟಿನ ನೆರಳಿರಬಹುದು, ತೆರೆ ಹಿಡಿದವನ ಕಾಲಿರಬಹುದು ಎಂದು ಎಷ್ಟೋ ಸಲ ನನ್ನೊಳಗೇ ವಾದ ಮಾಡಿದ್ದೇನೆ. ಕಾಲುಚೀಲದ ಹತ್ತಿರ ಬಂದು ವಾದ ನಿಲ್ಲುತ್ತದೆ. ಇತ್ತೀಚೆಗೆ ಹೆಚ್ಚು ಯೋಚಿಸಲೂ ಹೆದರಿಕೆ. ಎಂದಾದರೂ ಸರಿಯಾದ ಕಾರಣ ಸಿಕ್ಕಿಬಿಟ್ಟರೆ ಅವನ ಮುಂದೆ ನಿಂತು, ಅವತ್ತು ನನಗೇನೂ ಕಂಡಿರಲಿಲ್ಲ ಕೊಟ್ರೇಶ ಎನ್ನಬೇಕಾಗುತ್ತದೆ. ಅದು ನನ್ನಿಂದಾಗದು.